ಎಡಗಡೆಯ ತುಟಿ

ಜೂನ್ 9, ಸೋಮವಾರ

ಬಲಗಡೆ ಅಗಿಯುವುದೇ ಅಭ್ಯಾಸವಾಗಿಬಿಟ್ಟಿದೆ. ಎಡಗಡೆ ಕೆಳಗಿನ ಹಲ್ಲು ಅಲ್ಲಾಡಲು ಶುರುವಾಗಿ ವರ್ಷವಾಯಿತು. ನೋವಿಲ್ಲ. ನೋವಿಲ್ಲದ್ದನ್ನು ಹೊತ್ತುಕೊಂಡು ಡಾಕ್ಟರ ಹತ್ತಿರ ಯಾರು ಹೋಗುತ್ತಾರೆ... ಇವತ್ತು ಬ್ರೆಡ್ಡಿನ ಅಂಚು ತಾಗಿ ಹಲ್ಲು ಪೂರಾ ವಾಲಿತು. ಶಾಲೆ ಮುಗಿಸಿ ಬೀದಿ ತುದಿಯ ಡೆಂಟಿಸ್ಟ್ ಹತ್ತಿರ ಹೋದೆ, ಕೀಳಿಸಿಕೊಂಡು ಬರೋಣವೆಂದು.

ಆತ ಕೀಳಲಿಲ್ಲ. ದವಡೆಯ ಉದ್ದಕ್ಕೂ ಬೆರಳಾಡಿಸಿದ. ಅಲ್ಲಿಯವರೆಗೆ ಏನೇನೋ ಹರಟುತ್ತಿದ್ದವನು ಸುಮ್ಮನಾದ. ಹೆದರಿಕೆಯಾದದ್ದು ಆಗಲೇ.

"ಇಡೀ ದವಡೆದು ಒಂದು ಎಕ್ಸ್‌ರೇ ತೆಗೀಬೇಕು ಮೇಡಂ."

"ಒಂದು ಹಲ್ಲು ಕೀಳೋಕೆ ಇಡೀ ದವಡೆ ಯಾಕೆ?"

"ನೋಡೋಣ."

ಮಷೀನು ತಲೆಯ ಸುತ್ತ ಒಂದು ಸುತ್ತು ಹಾಕಿತು. ಪರದೆಯ ಮೇಲೆ, ಎಡಗಡೆ ಮೂಳೆ ಇರಬೇಕಾದ ಕಡೆ ಸೋಪಿನ ನೊರೆಯಂಥ ಕಪ್ಪು ಗುಳ್ಳೆಗಳು. ಹಲ್ಲಿನ ಬೇರುಗಳು ಅದರೊಳಗೆ ತೇಲುತ್ತಿದ್ದ ಹಾಗಿತ್ತು. ದೊಡ್ಡಾಸ್ಪತ್ರೆಯ ದವಡೆ ಸರ್ಜನ್‌ಗೆ ಚೀಟಿ ಬರೆದುಕೊಟ್ಟ. "ತಡ ಮಾಡಬೇಡಿ. ಗಾಬರಿನೂ ಆಗಬೇಡಿ." ಎರಡನ್ನೂ ಒಟ್ಟಿಗೆ ಹೇಗೆ ಮಾಡುವುದೋ.

ಇವರಿಗೆ ಹೇಳಲಿಲ್ಲ. ನಾಳೆ ಮೊದಲ ಪಾಳಿ. ಬಸ್ ಓಡಿಸುವ ಮನುಷ್ಯ. ತಲೆಯಲ್ಲಿ ಇದನ್ನು ಇಟ್ಟುಕೊಂಡು ಸ್ಟೇರಿಂಗ್ ಹಿಡಿಯುವುದು ಬೇಡ.

ಜೂನ್ 12

ಸರ್ಜನ್ ನನಗಿಂತ ಚಿಕ್ಕವಯಸ್ಸಿನ ಹೆಂಗಸು. ಮಾತು ಅಳತೆ ಮಾಡಿದಂತೆ. ಇಂಜೆಕ್ಷನ್ ಕೊಟ್ಟು ಒಂದು ಚೂರು ತೆಗೆದು ಡಬ್ಬಿಗೆ ಹಾಕಿದರು. ಬಯಾಪ್ಸಿ.

"ಕ್ಯಾನ್ಸರಾ?"

"ಹಾಗೆ ಕಾಣ್ತಿಲ್ಲ. ಆದ್ರೆ ಕಣ್ಣಿಗೆ ಕಂಡಿದ್ದನ್ನ ನಂಬಿ ಹೇಳೋಕಾಗಲ್ಲ. ಹತ್ತು ದಿನ ಬೇಕು."

ಕೆನ್ನೆ ಊದಿತ್ತು, ಮುಚ್ಚಿಡುವಂತಿರಲಿಲ್ಲ. ಊಟಕ್ಕೆ ಕೂತಾಗ ಇವರಿಗೆ ಹೇಳಿದೆ.

"ಯಾವತ್ತಿಂದ?"

"ಹಲ್ಲು ಅಲ್ಲಾಡ್ತಿದ್ದಿದ್ದು ಒಂದು ವರ್ಷದಿಂದ."

ಬೈಯುತ್ತಾರೆ ಎಂದುಕೊಂಡಿದ್ದೆ. ಎದ್ದು ಹೋಗಿ, ನಾನು ಆಗಲೇ ತೊಳೆದಿಟ್ಟಿದ್ದ ಲೋಟಗಳನ್ನೆಲ್ಲ ಮತ್ತೆ ತೊಳೆದರು.

ಜೂನ್ 17

ಬರೆಯಲು ಕೂತರೆ ಒಂದೇ ಶಬ್ದ ಬರುತ್ತಿತ್ತು. ಅದಕ್ಕೇ ಬರೆಯಲಿಲ್ಲ.

ನಾಲಿಗೆ ಹೇಳಿದ ಮಾತು ಕೇಳುವುದಿಲ್ಲ — ಹೋಗಿ ಹೋಗಿ ಹೊಲಿಗೆಯನ್ನೇ ಸವರುತ್ತದೆ. ಫೋನ್ ಬಡಿದುಕೊಂಡರೆ ಕೈಲಿದ್ದದ್ದು ಬಿಟ್ಟು ಓಡುತ್ತೇನೆ. ಇವತ್ತು ಎರಡು ಸಲ. ಒಂದು ರಾಂಗ್ ನಂಬರ್. ಇನ್ನೊಂದು ಇವರು, ಡಿಪೋದಿಂದ. "ಏನಾದ್ರೂ ಗೊತ್ತಾಯ್ತಾ?" ಹತ್ತು ದಿನ ಎಂದರೆ ಹತ್ತು ದಿನ ಅಲ್ಲವೇ. ರೇಗಿದೆ. ಆಮೇಲೆ ಪಾಪ ಅನ್ನಿಸಿತು.

ಜೂನ್ 23, ಮಧ್ಯಾಹ್ನ. ಆಸ್ಪತ್ರೆಯ ಕಾರಿಡಾರು

ಕ್ಯಾನ್ಸರ್ ಅಲ್ಲ.

ಕ್ಯಾನ್ಸರ್ ಅಲ್ಲ. ಇನ್ನೊಂದು ಸಲ ಬರೆದೆ, ನಂಬಿಕೆ ಬರಲಿ ಎಂದು.

ಅಮೆಲೋಬ್ಲಾಸ್ಟೋಮ ಎಂದು ಹೆಸರು. ಹಲ್ಲಿನ ಹೊಳಪು ಪದರ ಕಟ್ಟುವ ಜೀವಕೋಶಗಳ ಜಾತಿಯದೇ ಗಡ್ಡೆ. ಮೈಯೆಲ್ಲ ಹರಡುವಂಥದ್ದಲ್ಲ. ಇದ್ದಲ್ಲೇ ಕೂತು ಮೂಳೆ ತಿನ್ನುತ್ತದೆ. ಇವರು "ಅಬ್ಬ, ಸದ್ಯ" ಎಂದು ಎದ್ದೇಬಿಟ್ಟರು. ಸರ್ಜನ್ ಕೂರಿಸಿದರು.

"ಎರಡು ದಾರಿ ಇದೆ. ಕೆರೆದು ತೆಗೆಯೋದು ಒಂದು. ಚಿಕ್ಕ ಆಪರೇಷನ್, ತುಟಿ ನರ ಉಳಿಯಬಹುದು. ಆದ್ರೆ ಇದು ಮೂಳೆ ಸಂದಿಯಲ್ಲಿ ಒಂದಿಷ್ಟು ಉಳಿದ್ರೂ ಮತ್ತೆ ಬೆಳೆಯುತ್ತೆ. ನಿಮ್ಮ ಥರದ್ದರಲ್ಲಿ ಬರೋದೇ ಹೆಚ್ಚು. ಇನ್ನೊಂದು, ಆ ಭಾಗದ ದವಡೆನೇ ಕತ್ತರಿಸಿ, ಕಾಲಿನ ಮೂಳೆ ತಂದು ಕೂಡಿಸೋದು."

"ತುಟಿ?"

"ಎಡಗಡೆ ಕೆಳತುಟಿಗೆ, ಗದ್ದಕ್ಕೆ ಸ್ಪರ್ಶ ಗೊತ್ತಾಗಲ್ಲ. ಅದು ಹೋದ ಹಾಗೇ. ಆಡಿಸೋ ನರ ಬೇರೆ, ಅದು ಕೆಲವು ತಿಂಗಳು ಸೋಮಾರಿ ಆಗಬಹುದು. ಸಾಮಾನ್ಯವಾಗಿ ವಾಪಸ್ ಬರುತ್ತೆ."

"ನಾನು ಟೀಚರ್."

"ಮೂರು ತಿಂಗಳಲ್ಲಿ ಪಾಠ ಮಾಡಬಹುದು."

"ಕಿವಿ ಕೇಳದ ಮಕ್ಕಳ ಟೀಚರ್, ಡಾಕ್ಟ್ರೇ. ಅವರು ನನ್ನ ತುಟಿ ನೋಡಿ ಓದ್ತಾರೆ."

ಅವರು ಪೆನ್ನು ಕೆಳಗಿಟ್ಟರು. "ಒಂದು ವಾರ ಯೋಚನೆ ಮಾಡಿ," ಎಂದರು.

ಜೂನ್ 25

ಎಂಟು ಮಕ್ಕಳು, ಅರ್ಧ ಚಂದ್ರದ ಹಾಗೆ ಕೂರುತ್ತಾರೆ. ಹದಿನಾರು ಕಣ್ಣೂ ನನ್ನ ಬಾಯಿಯ ಮೇಲೆ. ಹದಿನಾಲ್ಕು ವರ್ಷದಿಂದ ಹೀಗೆ. ಇವತ್ತು ಮೊದಲ ಸಲ ಮೈ ಮುದುಡಿತು.

ಊದಿದ ಕೆನ್ನೆ ಯಾರಿಗೂ ತೊಂದರೆಯಾಗಿಲ್ಲ. ಚೂಟಿಗೆ ಮಾತ್ರ ಏನೋ ಅನುಮಾನ. ಒಂಬತ್ತು ವರ್ಷದವಳು, ತರಗತಿಯಲ್ಲೆಲ್ಲ ಜೋರು, ಹೆಸರಿಗೆ ತಕ್ಕ ಹಾಗೆ. ಹತ್ತಿರ ಬಂದು, ಎಳೆದೆಳೆದು ಆಡುವ ದನಿಯಲ್ಲಿ, "ಮಿಸ್... ಭಯಾನಾ?" ಎಂದಳು. ನಾನು ಬಾಯಿಬಿಟ್ಟು ಏನೂ ಹೇಳಿರಲಿಲ್ಲ.

ಇಲ್ಲ ಎಂದು ತಲೆಯಾಡಿಸಿದೆ. ನಂಬಲಿಲ್ಲ. ಮುಖ ಓದುವುದನ್ನು ಕಲಿಸಿದವಳು ನಾನೇ ತಾನೇ.

ಕೆರೆದು ತೆಗೆಯುವುದೇ ಸರಿ. ತೀರ್ಮಾನ ಮಾಡಿದೆ.

ಜೂನ್ 28, ಶನಿವಾರ

ಇವರಿಗೆ ಹೇಳಿದೆ.

"ನೀವೇನಂತೀರಿ?"

"ನಿನ್ನ ಬಾಯಿ, ನಿನ್ನ ಕೆಲಸ. ನಾನೇನು ಅನ್ನಲಿ."

"ಮನಸ್ಸಲ್ಲಿರೋದು ಹೇಳ್ರೀ."

ಕಿಟಕಿಯ ಕಡೆ ತಿರುಗಿಕೊಂಡೇ ಹೇಳಿದರು. "ಆ ಹತ್ತು ದಿನ ಬಸ್ಸಿಗೆ ಹತ್ತಿದ ಜನದ ಮುಖ ಒಂದೂ ನನಗೆ ನೆನಪಿಲ್ಲ. ಒಂದು ಸ್ಟಾಪು ಬಿಟ್ಟೇ ಹೋಗಿದ್ದೆ, ಹಿಂದಿನಿಂದ ಕೂಗಿದ್ರು. ಕೆರೆಸಿದ್ರೆ ಆರಾರು ತಿಂಗಳಿಗೆ ಎಕ್ಸ್‌ರೇ, ಬಂತಾ ಬಂತಾ ಅಂತ. ಬಂದ್ರೆ ಇನ್ನೂ ದೊಡ್ಡದು ಕತ್ತರಿಸಬೇಕು. ನನ್ನ ಕೈಲಾಗಲ್ಲ ಕಣೇ. ನಿನ್ನ ಕೈಲಾಗುತ್ತಾ, ಹೇಳು."

ಹದಿನೇಳು ವರ್ಷದಲ್ಲಿ ಈ ಮನುಷ್ಯ ಒಂದೇ ಉಸಿರಿಗೆ ಇಷ್ಟು ಮಾತಾಡಿದ್ದು ಕಾಣೆ. ಕೋಪ ಬಂತು. ತುಟಿ ಹೋಗುವುದು ನನ್ನದು ಎಂದು ಬಾಯಿತನಕ ಬಂತು. ಆಡಲಿಲ್ಲ. ಯಾಕೆಂದರೆ ನನ್ನ ಕೈಲೂ ಆಗುವುದಿಲ್ಲ.

ಜೂನ್ 30

ಫೋನ್ ಮಾಡಿದೆ. ಕತ್ತರಿಸುವುದು. ಜುಲೈ ಹದಿನಾಲ್ಕು.

ಜುಲೈ 14, ಬೆಳಿಗ್ಗೆ 6

ಆಸ್ಪತ್ರೆಯ ಹಸಿರು ಅಂಗಿ, ಹಿಂದೆ ಕಟ್ಟುವುದು. ಎಡಗಾಲಿಗೆ ನೀಲಿ ಶಾಯಿಯಲ್ಲಿ ಗುರುತು ಹಾಕಿದ್ದಾರೆ. ಕೆಳತುಟಿಯನ್ನು ಬೆರಳಿಂದ ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಿದ್ದೇನೆ. ಇವರು ಬೇರೆ ಕಡೆ ನೋಡುವ ಹಾಗೆ ನಟಿಸುತ್ತಿದ್ದಾರೆ. ಹತ್ತಿರ ಕರೆದೆ. ನರ್ಸು ಬರುವುದರೊಳಗೆ ಒಂದು ಮುತ್ತು ಕೊಟ್ಟರು — ಅಳತೆ ತಪ್ಪಿ ಎಡಗಡೆಗೇ. ಗಾಲಿಯ ಮಂಚ ಬಂತು

ಆಗಸ್ಟ್ 5

ಪೆನ್ನು ಹಿಡಿಯುವ ಶಕ್ತಿ ಇವತ್ತು ಬಂದಿದೆ. ಮೂಗಿನ ನಳಿಕೆ ತೆಗೆದು ವಾರವಾಯಿತು. ಎಲ್ಲವೂ ಮಿಕ್ಸಿಗೆ ಹಾಕಿದ್ದೇ ಊಟ. ಇವರು ಯಾವುದಕ್ಕೆ ಯಾವುದನ್ನು ಬೆರೆಸುತ್ತಾರೋ, ಕೇಳದಿರುವುದೇ ಒಳ್ಳೆಯದು. ಕೋಲು ಹಿಡಿದು ಬಾಗಿಲ ತನಕ ನಡೆಯುತ್ತೇನೆ.

ರಿಪೋರ್ಟ್ ಬಂತು. ಕತ್ತರಿಸಿದ ಅಂಚುಗಳಲ್ಲಿ ಗಡ್ಡೆಯ ಕುರುಹಿಲ್ಲ. "ಪೂರ್ತಿ ಬಂದಿದೆ. ಎಕ್ಸ್‌ರೇ ಮಾತ್ರ ವರ್ಷವರ್ಷ ತಪ್ಪಿಸಬೇಡಿ," ಎಂದರು ಸರ್ಜನ್. ಇವರು ಕಾರಿಡಾರಿಗೆ ಹೋಗಿ ಮೂಗು ಸೀಟಿದ ಸದ್ದು ಒಳಗೆ ಕೇಳಿತು.

ತುಟಿ ಇದೆ, ಆದರೆ ನನ್ನದಲ್ಲ. ನೀರು ಸುರಿದರೆ ಗೊತ್ತಾಗುವುದಿಲ್ಲ. ಅಂಗಿ ಒದ್ದೆಯಾದ ಮೇಲೆ ಗೊತ್ತಾಗುತ್ತದೆ.

ಸೆಪ್ಟೆಂಬರ್ 11

ತುಟಿಯ ಎಡ ಮೂಲೆ ಅಲುಗುವುದೇ ಇಲ್ಲ. ಪ, ಬ, ಮ ಹೇಳುವಾಗ ತುಟಿ ಕೂಡಿತೋ ಇಲ್ಲವೋ ಕನ್ನಡಿ ನೋಡಿಯೇ ತಿಳಿಯಬೇಕು. ಹೆಡ್‌ಮೇಡಂ ಫೋನ್ ಮಾಡಿ, "ಬೇಕಾದ್ರೆ ಆಫೀಸು ನೋಡ್ಕೊಳ್ಳಿ, ಪಾಠ ಬೇಡ," ಎಂದರು. ಒಳ್ಳೆಯ ಮನಸ್ಸಿಂದಲೇ ಹೇಳಿದ್ದು. ಆದರೂ ಆ ದಿನವೆಲ್ಲ ಕನ್ನಡಿ ಮುಟ್ಟಲಿಲ್ಲ.

ಅಕ್ಟೋಬರ್ 13, ಸೋಮವಾರ. ಸಂಜೆ

ಹೋದೆ. ಆಫೀಸಿಗಲ್ಲ, ತರಗತಿಗೇ.

ನಾಲ್ಕು ಮಾತು ಹೇಳಿದೆ. ಎಂಟೂ ಮುಖ ಖಾಲಿ. ನಿಧಾನವಾಗಿ ಮತ್ತೆ ಹೇಳಿದೆ. ಒಬ್ಬ ಪಕ್ಕದವನ ಪುಸ್ತಕ ನೋಡಿದ. ಎದ್ದು ಹೋಗಿಬಿಡೋಣ ಎನ್ನಿಸಿತು, ಸುಳ್ಳೇಕೆ.

ಚೂಟಿ ಎದ್ದು ಬಂದಳು. ಮಾತು ಕಲಿಸುವಾಗ ನಾನು ಅವರಿಗೆ ಹಿಡಿಯುವ ಕನ್ನಡಿಯನ್ನು ಮೇಜಿನಿಂದ ತೆಗೆದು ನನಗೇ ಹಿಡಿದಳು. ಇನ್ನೊಂದು ಕೈಯಿಂದ ಎಡಗಡೆಯ ತುಟಿ ಮೇಲಕ್ಕೆ ಒತ್ತಿ ಮುಚ್ಚಿದಳು. ನನಗೆ ಬೆರಳು ತಿಳಿಯಲಿಲ್ಲ, ಕನ್ನಡಿಯಲ್ಲಿ ಕಂಡಿತು. "ಮತ್ತೆ," ಎಂದಳು, ನಾನು ಅವಳಿಗೆ ಹೇಳುವ ಅದೇ ಗತ್ತಿನಲ್ಲಿ.

"ಪುಸ್ತಕ," ಎಂದೆ. ಅರ್ಧ ಚಂದ್ರದ ತುದಿಯಲ್ಲಿ ಯಾರೋ ಪುಸ್ತಕ ಎತ್ತಿ ತೋರಿಸಿದರು. ಆಮೇಲೆ ಎಲ್ಲರೂ ಸರದಿ ಕಟ್ಟಿ ನಿಂತರು, ನನಗೆ ಪಾಠ ಹೇಳಲು. ಬೆಲ್ಲು ಹೊಡೆದದ್ದು ನನಗೂ ಕೇಳಿಸಲಿಲ್ಲ.

ಬಾಗಿಲಲ್ಲಿ ಸದ್ದು. ಇವರು ಬಂದರು. ಮೊದಲು ಇವರಿಗೆ ಹೇಳಿ ಆಮೇಲೆ ಉಳಿದದ್ದು...