ಒಂದೇ ಹಳ್ಳದ ಹಾಸಿಗೆ

ಚಂದ್ರಾ ಲೇಔಟ್, ಬೆಂಗಳೂರು
೧೪ ಜುಲೈ ೨೦೨೪

ಪ್ರೀತಿಯ ಮಗಳು ಜಗದಾಂಬಾಗೆ,

ಸೊಂಟ ನೋವೊಂದು ಬಿಟ್ಟರೆ ನಾನು ಆಲ್‌ರೈಟ್. ನಿನ್ನ ಕಾಲೇಜಿನ ಭಾಷಣದ ಪ್ರತಿ ಕಳಿಸಿ, "ಸಾಮಾನ್ಯರಿಗೆ ಅರ್ಥ ಆಗುತ್ತಾ ಓದಿ ಹೇಳಿ ಅಪ್ಪ" ಅಂದು ಮೂರು ವಾರವಾಯಿತು. ತಡವಾಯಿತು, ಬೇಜಾರು ಮಾಡಿಕೊಳ್ಳಬೇಡ. ಫೋನಿನಲ್ಲಾದರೆ ನೀನು ಮಾತಾಡುತ್ತೀಯ, ನಾನು ಹೂಂಗುಡುತ್ತೇನೆ. ಅದಕ್ಕೇ ಈ ಕಾಗದ.

ಕೂತಲ್ಲಿ ಕೂರಲಾಗುವುದಿಲ್ಲ. ಮೂರು ಪುಟ ಮನೆಯ ಹಾಲ್‌ನಲ್ಲಿ ಓಡಾಡುತ್ತಾ ಓದಿದೆ, ಎರಡು ಪುಟ ದರ್ಶಿನಿ ಹೋಟೆಲಿನಲ್ಲಿ ನಿಂತುಕೊಂಡು. ಭಾರವಿರುವ ವಸ್ತು ಸುತ್ತಲಿನ ಜಾಗವನ್ನೇ ಬಗ್ಗಿಸುತ್ತದೆ, ಉಳಿದದ್ದೆಲ್ಲ ಆ ಬಾಗಿನಲ್ಲಿ ಜಾರುತ್ತದೆ ಎಂದು ಬರೆದಿದ್ದೀಯ. ಎಕ್ಸ್‌ಪೆರಿಮೆಂಟ್ ಮಾಡಿಯೇ ಬಿಡೋಣವೆಂದು ನಮ್ಮ ಮಂಚದ ಹತ್ತಿ ಹಾಸಿಗೆಯ ಮೇಲೆ ಒಂದು ನಿಂಬೆಹಣ್ಣು ಬಿಟ್ಟೆ. ಕಿಟಕಿ ಕಡೆಯಿಂದ ಉರುಳಿ ಗೋಡೆ ಕಡೆ ಹೋಯಿತು, ನಿಮ್ಮಮ್ಮ ಮಲಗುತ್ತಿದ್ದ ಹಳ್ಳಕ್ಕೆ. ಭಾರ ಹೋಗಿ ಎಂಟು ತಿಂಗಳಾಯಿತು, ಬಾಗು ಹಾಗೇ ಇದೆ. ಇದು ನಿನ್ನ ಭಾಷಣದಲ್ಲಿಲ್ಲ. ಪ್ಲೀಸ್ ಟು ನೋಟ್ ದಿ ಪಾಯಿಂಟ್.

ಆಮೇಲೆ ಆ ಸಣ್ಣ ಕಣದ ವಿಷಯ. ಯಾರಾದರೂ ನೋಡುವತನಕ ಅದು ಇಲ್ಲೂ ಇದ್ದಂತೆ, ಅಲ್ಲೂ ಇದ್ದಂತೆ. ಹಾಗಾದರೆ ಅದು ಯಾವ ಕಡೆಯ ಜಾಗವನ್ನು ಬಗ್ಗಿಸುತ್ತದೆ? ಜಾಗ ಬಾಗುವುದರದ್ದು, ಕಣದ್ದು, ಎರಡು ಸಿದ್ಧಾಂತಗಳೂ ತಮ್ಮ ತಮ್ಮ ಪಾಡಿಗೆ ಸರಿ, ಈ ಪ್ರಶ್ನೆ ಬಂದಾಗ ಮಾತ್ರ ಕೂಡುವುದಿಲ್ಲ, ಉತ್ತರ ಇನ್ನೂ ಯಾರಿಗೂ ಗೊತ್ತಿಲ್ಲ ಅಂತ ಮುಗಿಸಿದ್ದೀಯಲ್ಲ, ಅದು ನನ್ನ ತಲೆ ಕೆಡಿಸಿದೆ. ಈ ಮನೆಯಲ್ಲಿ ಕೂತವನಿಗೆ ಆ ಪ್ರಶ್ನೆ ಚೆನ್ನಾಗಿ ಅರ್ಥವಾಗುತ್ತದೆ. ಒಂದಕ್ಷರ ಬದಲಾಯಿಸಬೇಡ.

ನಿನ್ನೆ ಹಾಸಿಗೆ ಅಂಗಡಿಯ ಬಸಪ್ಪ ಬಂದಿದ್ದ.

"ಸಾರ್, ನಿಮ್ ಮಗಳು ಫೋನ್ ಮಾಡಿದ್ರು. ಹತ್ತಿ ಬಿಚ್ಚಿ, ಹಿಂಜಿ, ಹೊಸದಾಗಿ ಹೊಲ್ದು ಕೊಡ್ತೀನಿ. ಸಮ ಆಗ್ಬಿಡುತ್ತೆ."

"ಸಮ ಆಗೋದು ಬೇಡ ಕಣಪ್ಪಾ."

"ಹಳ್ಳದಲ್ಲಿ ಮಲಗಿದ್ರೆ ಸೊಂಟ ಹಿಡ್ಕೊಳ್ಳುತ್ತೆ ಸಾರ್."

"ನನ್ ಸೊಂಟ, ನನ್ನಿಷ್ಟ. ಟೀ ಕುಡೀತೀಯಾ?"

ಕುಡಿದ. ಲೋಟ ಕೆಳಗಿಟ್ಟು, "ಗುರುವಾರ ಆಟೋ ತರ್ತೀನಿ" ಅಂದು ಹೋದ. ನಿನ್ನ ಮಾತು ಮೀರುವುದಿಲ್ಲವಂತೆ. ಅವನನ್ನು ತಡೆಯುವುದು ನಿನ್ನಿಂದಲೇ ಆಗಬೇಕು.

ಊಟ, ಮಾತ್ರೆ ಸರಿಯಾಗಿ ನಡೆದಿದೆ. ಭಾಷಣದ ದಿನ ಬಿಸಿನೀರು ಕುಡಿದು ಹೋಗು, ನಿನ್ನ ಗಂಟಲೂ ನಿಮ್ಮಮ್ಮನದೇ. ನಿನ್ನ ಮಾತು ಹಿಂದಿನ ಬೆಂಚಿಗೂ ಕೇಳಲಿ.

ಯುವರ್ಸ್ ಒಬೀಡಿಯೆಂಟ್ಲಿ,
ಅಪ್ಪ
ಚನ್ನವೀರೇಶ್

ಇನ್ನೊಂದು ಮಾತು. ಆ ಹಾಸಿಗೆ ಹಿಂಜಿಸಿದ್ದು ಹೋದ ವರ್ಷದ ಯುಗಾದಿಗೆ. ಇಬ್ಬರ ಹಾಸಿಗೆಯಲ್ಲಿ ಎರಡು ಹಳ್ಳ ಇರಬೇಕಿತ್ತು, ಒಂದೇ ಇದೆ. ಬಸಪ್ಪ ನೋಡಿ ನಿನಗೆ ಹೇಳುವ ಮೊದಲು ನಾನೇ ಹೇಳುತ್ತೇನೆ. ನಿಮ್ಮಮ್ಮನ ಕೆಮ್ಮಿನಿಂದ ನನಗೆ ನಿದ್ದೆ ಬರುವುದಿಲ್ಲವೆಂದು ಯುಗಾದಿ ಕಳೆದ ಮರುವಾರವೇ ಹಾಲ್‌ನ ದಿವಾನ್ ಮಂಚಕ್ಕೆ ಹೋದೆ. "ಕಮ್ಮಿ ಆದ್ಮೇಲೆ ಬನ್ನಿ" ಅಂದಳು. ಕಿಟಕಿ ಕಡೆಯ ನನ್ನ ದಿಂಬಿಗೆ ವಾರವಾರವೂ ಒಗೆದ ಕವರ್ ಹಾಕುತ್ತಿದ್ದಳು. ಕಡೆಯವರೆಗೂ ನಾನು ಹೋಗಲಿಲ್ಲ. ಈಗ ದಿನಾ ಆ ಕಿಟಕಿ ಕಡೆಯೇ ಮಲಗುತ್ತೇನೆ; ಬೆಳಗಾಗುವಷ್ಟರಲ್ಲಿ ಅವಳ ಕಡೆಗೆ ಜಾರಿರುತ್ತೇನೆ. ನನ್ನ ಕಡೆಯೂ ಒಂದು ಹಳ್ಳ ಬೀಳಲಿ, ಅಲ್ಲಿಯತನಕ ಬರಬೇಡ ಅಂತ ಬಸಪ್ಪನಿಗೆ ಹೇಳಮ್ಮ.