ಲೂರ್ದಿಗೆ ಯಾರು ಹೇಳಿದರು

ಅನ್ನೂರು,
ಮೇ 1936

ಉಪದೇಶಿ ಅರುಳಪ್ಪ ಅಯ್ಯನವರಿಗೆ, ಲೂರ್ದು ಮಗುವಿನ ಜ್ಞಾನತಾಯಿ ಸವರಿಯಮ್ಮಾಳ್ ಮಾಡುವ ಸ್ತೋತ್ರ.

ರಜೆಗೆಂದು ನಿಮ್ಮ ಬೋರ್ಡಿಂಗಿನಿಂದ ನನ್ನ ಮನೆಗೆ ಬಂದ ಲೂರ್ದು ಮೊನ್ನೆ ಒಲೆಯ ಕೆಂಡಕ್ಕೆ ಬೆರಳಿಟ್ಟಳು. ಕೈ ಹಿಡಿದೆಳೆದು, "ಯಾಕೆ ಕಂದಾ, ಹಿಂಗೆ ಮಾಡ್ದೆ?" ಎಂದು ಕೇಳಿದೆ.

"ಅವ್ವ ನರಕದಲ್ಲಿ ಹೆಂಗೆ ಬೇಯ್ತಾಳೋ ಅಂತ ನೋಡ್ದೆ" ಅಂದಳು.

ಅವಳ ಅವ್ವ ರಾಮಾತಾಳ್ ಜ್ಞಾನಸ್ನಾನ ಪಡೆದು ಕ್ರೈಸ್ತಳಾಗದೆ ಸತ್ತದ್ದು ಊರಿಗೆಲ್ಲ ಗೊತ್ತು. ಆದರೆ ಅಂಥವರಿಗೆ ನರಕವೇ ಗತಿಯೆಂದು ಇಲ್ಲಿ ಯಾರೂ ಮಗುವಿಗೆ ಹೇಳಿಲ್ಲ. ಮನೆಮನೆಗೆ ಹೋಗಿ ವಿಚಾರಿಸಿದ್ದೇನೆ. ಬೋರ್ಡಿಂಗಿನಲ್ಲಿ ಜ್ಞಾನೋಪದೇಶ ಹೇಳಿಕೊಡುವವರು ನೀವೊಬ್ಬರೇ. ಯಾರು ಹೇಳಿದರೆಂದು ಕೇಳಿದರೆ ಅವಳು ಬಾಯಿ ಬಿಡುವುದಿಲ್ಲ. ನಿಮ್ಮ ಹೆಸರೆತ್ತಿದರೆ ನನ್ನ ಸೆರಗಿನ ಹಿಂದೆ ಸೇರಿಕೊಳ್ಳುತ್ತಾಳೆ.

ಇವಳ ಜ್ಞಾನಸ್ನಾನದ ದಿನ, ಇವಳನ್ನು ವಿಶ್ವಾಸದಲ್ಲಿ ಬೆಳೆಸುತ್ತೇನೆಂದು ಚರ್ಚಿನ ಪೀಠದ ಮುಂದೆ ಮಾತು ಕೊಟ್ಟವಳು ನಾನು. ಅದಕ್ಕೇ ನಿನ್ನೆ, "ದೇವ್ರು ನಿನ್ನವ್ವನ್ನ ಕೈಬಿಟ್ಟಿಲ್ಲ" ಅಂದೆ. ಅವಳು ನನ್ನ ಮುಖವನ್ನೇ ದಿಟ್ಟಿಸಿ, "ಉಪದೇಶಿ ಅಯ್ಯ ಹಂಗೆ ಹೇಳಿದ್ರಾ?" ಎಂದು ಕೇಳಿದಳು.

ಶಾಲೆ ತೆರೆದಾಗ ಅವಳನ್ನು ಕಳಿಸುವುದಿಲ್ಲ. ನೀವು ಹೇಳಿರದಿದ್ದರೂ ಸರಿ, ಹೇಳಿದ್ದರೂ ಸರಿ, ಇಲ್ಲಿಗೆ ಬಂದು ಅವಳೆದುರು ಕೂತು ಆ ಮಾತು ಸುಳ್ಳೆಂದು ಹೇಳಿ. ನಾನೂ ಪಕ್ಕದಲ್ಲೇ ಕೂತು ಕೇಳುತ್ತೇನೆ.

ಇಂತಿ,
ಸವರಿಯಮ್ಮಾಳ್