ನಿನ್ನ ಹವಳದ ಉಪ್ಪು

ಜೋಗೇಶ್ವರಿ, ಮುಂಬಯಿ
೧೨ ಜನವರಿ ೧೯೯೦

ಪ್ರೀತಿಯ ತಮ್ಮ ಚೆನ್ನಯನಿಗೆ ವಾರಿಜಕ್ಕನ ಆಶೀರ್ವಾದಗಳು.

ಮೊದಲು ಖರ್ಚಿನ ವಿಷಯ. ನಿನ್ನ ಹವಳದ ತೊಟ್ಟಿಗೆ, ಆ ಗಾಜಿನ ಸಮುದ್ರಕ್ಕೆ, ಈ ಒಂದು ವರ್ಷದಲ್ಲಿ ಹೋದದ್ದು: ಉಪ್ಪಿಗೆ ಎರಡು ಸಾವಿರದ ನೂರು, ಲೈಟ್ ಬಿಲ್ಲಿಗೆ ಒಂಬೈನೂರು, ಸತ್ತ ಮೀನು ಏಳು, ಸುಟ್ಟ ಪಂಪು ಒಂದು, ನೀರು ಹೊತ್ತ ನನ್ನ ಸೊಂಟ ಒಂದು. ಉತ್ತರ ತಡವಾಯಿತು, ಕ್ಷಮೆ ಕೇಳಿದ್ದೇನೆ ಅಂದುಕೋ. ಸಿಟ್ಟು ಆರಲಿ ಎಂದು ಕಾದೆ. ಆರಲಿಲ್ಲ.

ಮಾರ್ಚಿನಲ್ಲಿ ಹಡಗಿನಿಂದ ರಜೆಗೆ ಬಂದಾಗ ಆರಡಿಯ ಹೊಸ ತೊಟ್ಟಿ ಮಾಡಿಸುತ್ತೇನೆ, ಕಿಟಕಿ ಬದಿ ಖಾಲಿ ಇಡು ಎಂದು ಬರೆದಿದ್ದೀಯ. ಅದೇ ಮಾರ್ಚಿನಲ್ಲಿ ಅಮ್ಮ ಗಂಟಲ ಗಡ್ಡೆಗೆ ಎರಡನೇ ಸಲ ವಿಕಿರಣದ ಕರೆಂಟು ಕೊಡಿಸಿಕೊಳ್ಳಲು ಪರೇಲಿನ ಆಸ್ಪತ್ರೆಗೆ ಬರಬೇಕು. ಇರುವುದು ಒಂದು ರೂಮು, ಒಂದು ಕಿಟಕಿ. ಅಲ್ಲಿ ಹಿಡಿಸುವುದು ಒಂದೇ: ನಿನ್ನ ತೊಟ್ಟಿ, ಇಲ್ಲವೇ ಅಮ್ಮನ ಮಂಚ.

ನಿನ್ನ ಹವಳವನ್ನು ನಾನು ಕಡೆಗಣಿಸಿದೆ ಎನ್ನಬೇಡ. ನಲ್ಲಿ ನೀರನ್ನು ಸಮುದ್ರದ ನೀರು ಮಾಡಲು ನೀನು ತಂದಿಟ್ಟ ಫಾರಿನ್ ಉಪ್ಪು ಮಳೆಗಾಲಕ್ಕೆ ಮುಗಿಯಿತು. ಅರವತ್ತು ಊಟದ ಡಬ್ಬಿ ಕಟ್ಟಿ ಕಳಿಸಿ, ಲೋಕಲ್ ಹಿಡಿದು ಗ್ರಾಂಟ್ ರೋಡಿಗೆ ಹೋದೆ. ಸಾಕುಮೀನಿನಂಗಡಿಯವ ಫಾರಿನ್ ಡಬ್ಬದ ಪಕ್ಕದಲ್ಲೇ ಹೆಸರಿಲ್ಲದ ಅಗ್ಗದ ಪ್ಲಾಸ್ಟಿಕ್ ಚೀಲವೊಂದನ್ನು ಮುಂದಿಟ್ಟ.

"ಬೆಹೆನ್‌ಜೀ, ಮಾಲ್ ವಹೀ ಹೈ. ಸಿರ್ಫ್ ಡಬ್ಬಾ ನಹೀ ಹೈ." ಮಾಲು ಅದೇ, ಡಬ್ಬ ಮಾತ್ರ ಇಲ್ಲವಂತೆ.

"ತೋ ಡಬ್ಬಾ ದೇ ದೋ, ಮಾಲ್ ತುಮ್ ರಖೋ" ಎಂದೆ, ಹಾಗಾದರೆ ಡಬ್ಬ ಕೊಡು, ಮಾಲು ನೀನೇ ಇಟ್ಟುಕೋ ಅಂತ. ನಕ್ಕ, ಬೆಲೆ ಇಳಿಸಲಿಲ್ಲ.

ಅವನ ಚೀಲವನ್ನೂ ಫಾರಿನ್ ಡಬ್ಬವನ್ನೂ ತಂದು ಎರಡು ಬಕೆಟಿನಲ್ಲಿ ಕರಗಿಸಿದೆ. ಉಪ್ಪಿನಂಶ ಅಳೆಯುವ ನಿನ್ನ ತೇಲುವ ಗಾಜಿನ ಕಡ್ಡಿ ಎರಡರಲ್ಲೂ ಒಂದೇ ಗೆರೆಗೆ ನಿಂತಿತು. ಗೆರೆ ನೋಡಿ ನಂಬುವವಳು ನಾನಲ್ಲ. ಬೆಳಗ್ಗೆ ಫಾರಿನ್ ನೀರು ಕನ್ನಡಿಯ ಹಾಗಿತ್ತು. ಅವನದರ ತಳದಲ್ಲಿ ಸುಣ್ಣದಂಥ ಬಿಳಿ ಗಸಿ. ಚೀಲದ ಮೇಲಿನ ಉಪ್ಪು ಒಂದು ಬಗೆ, ಅಡಿಯದು ಇನ್ನೊಂದು. ಸರಿಯಾಗಿ ಬೆರೆಸದ ಸಾಂಬಾರು ಪುಡಿಯ ಹಾಗೆ. ಅದರಲ್ಲಿ ಬಿಟ್ಟ ಸೀಗಡಿ ಸಂಜೆಗೆ ಮಗುಚಿತು. ದುಬಾರಿಯಾದರೂ ಫಾರಿನ್ ಉಪ್ಪನ್ನೇ ಆರಿಸಿದೆ. ಹವಳ ಅರಳಿತು. ನಿನ್ನ ಪತ್ರ ಬಂತು: "ಭೇಷ್ ಅಕ್ಕ! ಕ್ಯಾಲ್ಸಿಯಂ ಎಷ್ಟುಂಟು?"

ಅಮ್ಮನ ತೂಕ ಎಷ್ಟುಂಟು ಎಂದು ಕೇಳಲಿಲ್ಲ ನೀನು.

ಕಳೆದ ಭಾನುವಾರ ತೊಟ್ಟಿಯನ್ನು ಹವಳ, ಮೀನು, ಉಪ್ಪು ಸಮೇತ ಹೋಟೆಲು ನಡೆಸುವ ನಮ್ಮ ಐತನಿಗೆ ಮಾರಿದೆ. ಅವನಿಗೆ ಹೆದರಿಕೆ.

"ಚೆನ್ನಯ ಬಂದು ನನ್ನ ಕುತ್ತಿಗೆ ಹಿಡಿದ್ರೆ ಅಕ್ಕ?"

"ನನ್ನದು ಮೊದಲು ಹಿಡಿಯಲಿ ಮಾರಾಯ, ನೀನು ಲೈನಲ್ಲಿ ಹಿಂದೆ ನಿಲ್ಲು."

ಆ ಹಣದಲ್ಲಿ ಮಂಚ ಕೊಂಡೆ. ರೂಮು ನಿನ್ನ ಹೆಸರಿನಲ್ಲಿದೆ, ಗೊತ್ತು. ಹೊರಗೆ ಹಾಕುವುದಾದರೆ ನನ್ನನ್ನೂ ಮಂಚವನ್ನೂ ಒಟ್ಟಿಗೆ ಹಾಕು.

ಸಮುದ್ರ ನಿನ್ನನ್ನು ಕಾಯಲಿ. ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನ ಅಕ್ಕ,
ವಾರಿಜಾ

ತಾ.ಕ.: ಆಗಸ್ಟಿನಲ್ಲಿ ಅಮ್ಮ ಮೊದಲ ಸಲ ಬಂದಾಗ, ನೀನು ಸಿಂಗಾಪುರದಿಂದ ಕೆಳಗಿನ ದೂಜನ ಅಂಗಡಿಗೆ ಫೋನು ಮಾಡಿದೆ. "ಅಮ್ಮನ ಮುಲಾಮು, ಊದುಬತ್ತಿಯ ಗಾಳಿ ನೀರಿಗೆ ಇಳಿದ್ರೆ ಹವಳ ಸಾಯ್ತದೆ ಅಕ್ಕ. ಅವಳನ್ನು ಪರೇಲಿನ ಧರ್ಮಶಾಲೆಯಲ್ಲಿ ಇರಿಸು." ಲೈನು ಸರಿಯಿಲ್ಲವೆಂದು ನೀನು ಇದನ್ನು ಕಿರುಚಿ ಹೇಳಿದೆ, ರಿಸೀವರಿನ ಹೊರಗೂ ಕೇಳಿತು. ನಿನ್ನ ದನಿ ಕೇಳಲೆಂದು ಅಮ್ಮ ಮೆಟ್ಟಿಲಿಳಿದು ಬಂದು ನನ್ನ ಪಕ್ಕದ ಸ್ಟೂಲಿನಲ್ಲೇ ಕೂತಿದ್ದಳು. ಮೇಲೆ ಹೋದವಳೇ ಸೀರೆ ಮಡಚಿ ಚೀಲಕ್ಕೆ ತುಂಬಿದಳು. ಎಷ್ಟು ಬೇಡಿದರೂ ನಿಲ್ಲಲಿಲ್ಲ. "ಆ ಜೀವಗಳಿಗೆ ನನ್ನಿಂದ ತೊಂದರೆ ಯಾಕೆ ಮಗಳೇ?" ಕೇಳಿಸಿದ್ದನ್ನು ನಿನಗೆ ಹೇಳಬಾರದೆಂದು ಆಣೆ ಹಾಕಿಸಿದಳು. ಇವತ್ತು ಆಣೆ ಮುರಿದಿದ್ದೇನೆ, ಏಕೆಂದರೆ ಮಾರ್ಚಿಗೆ ಬರುವುದಿಲ್ಲವೆಂದು ಊರಿನಿಂದ ಬರೆಸಿದ್ದಾಳೆ. ನಾನು ಕರೆದರೆ ಬರುವುದಿಲ್ಲ. ನೀನೇ ಕರೆಯಬೇಕು.

ಯಾರಿಗೆ ಏನು ಸಿಕ್ಕಿತು, ನೋಡಿಕೋ. ಅಂಗಡಿಯವನಿಗೆ ವ್ಯಾಪಾರ. ಐತನಿಗೆ ಹವಳ. ನನಗೆ ಯಾರೂ ಮಲಗದ ಮಂಚ. ಅಮ್ಮನಿಗೆ ಧರ್ಮಶಾಲೆಯ ವರಾಂಡದಲ್ಲಿ ಒಂದು ಚಾಪೆ, ಹದಿನೆಂಟು ರಾತ್ರಿ.